ಬಾಟ್ಲಿ ಕಚ್ಚುವ ಜೊಕಿಮ್

ಮೇಣದಬತ್ತಿಯ ಬೆಳಕು ಸಾಲದೆ ಗುರುವಪ್ಪ ಇನ್ನೂ ಒಂದು ಗೇಣು ಬಗ್ಗಿದ. ಇದ್ದ ಒಂದೇ ಕಣ್ಣನ್ನು ಕಿರಿದು ಮಾಡಿಕೊಂಡು ಹೆಣದ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದ. ಗಲ್ಲಕ್ಕೆ ಬಿಳಿ ಬಟ್ಟೆ ಬಿಗಿದು ಕಟ್ಟಿದ್ದರೂ ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಮೇಲಿನ ಸಾಲಿನ ಎದುರು ಹಲ್ಲುಗಳೆರಡೂ ಅರ್ಧಕ್ಕರ್ಧ ಸವೆದಿದ್ದವು, ಒಂದರ ಅಂಚಿನಿಂದ ಚಕ್ಕೆ ಎದ್ದು ಹೋಗಿತ್ತು.

"ಗುರುವಪ್ಪಣ್ಣ, ಸಾಕು ಮಾರಾಯ್ರೆ. ಜನ ನೋಡ್ತಾ ಇದ್ದಾರೆ" ಎಂದು ಅಹ್ಮದ್ ಬಾವ ಹಿಂದಿನಿಂದ ಅಂಗಿ ಜಗ್ಗಿದ.

ಜನ ನೋಡದೆ ಇರುತ್ತಾರೆಯೇ? ಹದಿನಾಲ್ಕು ವರ್ಷ ಈ ಅಂಗಳಕ್ಕೆ ಕಾಲಿಡದವನು, ಸೋಡಾದ ಜೊಕಿಮನ ಹೆಸರೆತ್ತಿದರೆ ಮುಖ ತಿರುಗಿಸಿ ಉಗುಳುತ್ತಿದ್ದವನು, ಇವತ್ತು ನೆಂಟರಿಗಿಂತ ಮೊದಲು ಬಂದು ಹೆಣದ ಹಲ್ಲು ಪರೀಕ್ಷೆ ಮಾಡುತ್ತ ನಿಂತಿದ್ದ. ಗೋಡೆಗೆ ಒರಗಿ ತೇರ್ಸಿನ ಜಪಮಣಿ ಹಿಡಿದಿದ್ದ ಹೆಂಗಸರು ಪ್ರಾರ್ಥನೆಯನ್ನು ತುಟಿಗೆ ಬಿಟ್ಟು ಕಣ್ಣುಗಳನ್ನು ಇವನ ಮೇಲೆ ಇಟ್ಟಿದ್ದರು.

ಗುರುವಪ್ಪ ಬಂದದ್ದು ಅಳಲಿಕ್ಕಲ್ಲ. ಅವನಿಗೊಂದು ಪ್ರಶ್ನೆಯಿತ್ತು. ನನ್ನ ಎಡಗಣ್ಣನ್ನು ಈ ಮನುಷ್ಯ ಬೇಕೆಂದೇ ತೆಗೆದನೋ, ಅಲ್ಲವೋ? ಉತ್ತರ ಗೊತ್ತಿದ್ದವನು ಒಬ್ಬನೇ, ಅವನು ಪೆಟ್ಟಿಗೆಯಲ್ಲಿ ಕಪ್ಪು ಕೋಟು ಹಾಕಿಕೊಂಡು ಮಲಗಿದ್ದ. ಹೆಣದ ಮುಖದಲ್ಲಿ ಏನಾದರೂ ಗುರುತು ಸಿಕ್ಕೀತು ಎಂಬ ಹುಚ್ಚು ಆಸೆ ಗುರುವಪ್ಪನನ್ನು ಬಂದರಿನಿಂದ ಕದ್ರಿಯ ಏರಿನವರೆಗೆ ಬಿಸಿಲಲ್ಲಿ ನಡೆಸಿಕೊಂಡು ಬಂದಿತ್ತು. ಸಿಕ್ಕಿದ್ದು ಸವೆದ ಹಲ್ಲು ಮಾತ್ರ.

ಅಂಗಳಕ್ಕೆ ಇಳಿದಾಗ ಮಾವಿನ ಮರದಡಿ ನೋಣಯ್ಯ ಕಾಯುತ್ತಿದ್ದ. ಬಂದರಿನಲ್ಲಿ ಗುರುವಪ್ಪನ ಸೋಡಾ ಅಂಗಡಿಯ ಪಕ್ಕದಲ್ಲೇ ಅವನ ಬೀಡಾ ಅಂಗಡಿ. ಗೆಳೆಯನ ಜೊತೆಗೆಂದು ಬಂದಿದ್ದ, ಆದರೆ ಮನೆಯ ಒಳಗೆ ಹೋಗಿರಲಿಲ್ಲ. ಕುಡಿಯಲಿಕ್ಕೆ ಕೊಟ್ಟ ನೀರನ್ನೂ ಬೇಡವೆಂದಿದ್ದ.

"ಹತ್ತು ಗಂಟೆಗೆ ಎತ್ತಬೇಕಿತ್ತಲ್ಲ? ಈಗ ಹನ್ನೊಂದೂವರೆ. ಎಂತ ತಡ?" ಎಂದು ನೋಣಯ್ಯ ಕೇಳಿದ.

ಅಹ್ಮದ್ ಬಾವ ಆಚೆ ಈಚೆ ನೋಡಿದ. ಇಪ್ಪತ್ತು ವರ್ಷ ಜೊಕಿಮನ ಸೋಡಾ ಪೆಟ್ಟಿಗೆಗಳನ್ನು ಎತ್ತಿನ ಗಾಡಿಯಲ್ಲಿ ಹೇರಿದವನು, ಆ ಮನೆಯ ಸುದ್ದಿ ಅವನಿಗೆ ಗೊತ್ತಿಲ್ಲದ್ದಿರಲಿಲ್ಲ. "ಇಗರ್ಜಿಯ ಗಂಟೆ ಹೊಡೀಲಿಲ್ಲ. ಗಂಟೆ ಆಗದೆ ಇವರು ಎತ್ತುವ ಹಾಗಿಲ್ಲ. ಗುರ್ಕಾರರು ಪಾದ್ರಿಯ ಹತ್ತಿರ ಹೋಗಿದ್ದಾರೆ" ಎಂದ. ಗುರ್ಕಾರ ಎಂದರೆ ಆ ಕೇರಿಯ ಕ್ರೈಸ್ತ ಮನೆಗಳಿಗೂ ಇಗರ್ಜಿಗೂ ನಡುವಿನ ಮುಖಂಡ, ಅಲ್ಫೋನ್ಸ್.

"ಗಂಟೆಗೆ ಎಂತ ರೋಗ?"

"ನಿನ್ನೆ ಅವರಿಗೆ ಬಡಿದ ಬಸ್ಸಿನ ಡ್ರೈವರು ಪೊಲೀಸರ ಹತ್ತಿರ ಹೇಳಿದ್ದಾನೆ. ವಾಮಂಜೂರು ಕಡೆಯಿಂದ ಇಳೀತಾ ಇದ್ದೆ, ಈ ಮನುಷ್ಯ ರಸ್ತೆಯ ನಡುವೆ ನಡೀತಾ ಇದ್ದ, ಮೂರು ಸಲ ಹಾರ್ನ್ ಒತ್ತಿದೆ, ತಿರುಗಿಯೂ ನೋಡ್ಲಿಲ್ಲ, ಸರಿಯಲೂ ಇಲ್ಲ ಅಂತ."

"ಕುಡಿದಿದ್ದನಾ? ರಸ್ತೆಯಲ್ಲಿ ಬಾಟ್ಲಿ ಒಡೆದು ಬಿದ್ದಿತ್ತಂತಲ್ಲ?"

"ಕುಡಿಯುವವರಲ್ಲ ಅವರು. ಕುಡಿದದ್ದು ಅಂತಾದರೆ ಒಳ್ಳೆಯದೇ ಇತ್ತು. ಕುಡೀಲಿಲ್ಲ ಅಂತಾದರೆ ಇನ್ನೊಂದು ಮಾತು ಬರ್ತದೆ." ಅಹ್ಮದ್ ಬಾವ ದನಿ ಇಳಿಸಿದ. "ಬೇಕಂತಲೇ ನಿಂತದ್ದು ಅಂತ. ವ್ಯಾಪಾರ ಇಲ್ಲದೆ ಸೋತು ಹೋಗಿದ್ದರಲ್ಲ. ಹಾಗೆ ಸತ್ತವರಿಗೆ ಇಗರ್ಜಿಯ ಮಣ್ಣು ಸಿಕ್ಕುವುದಿಲ್ಲ. ಸ್ಮಶಾನದ ಪಾಗಾರದ ಹೊರಗೆ, ಪೊದೆಯಲ್ಲಿ ಹುಗೀಬೇಕು. ಪಾದ್ರಿಯೂ ಬರುವುದಿಲ್ಲ, ಗಂಟೆಯೂ ಇಲ್ಲ."

ನೋಣಯ್ಯ ಚ್ಚು ಚ್ಚು ಎಂದ. ಗುರುವಪ್ಪ ಮಾತ್ರ ದಿನದ ಲೆಕ್ಕ ಹಾಕಿದ. ನಿನ್ನೆ ತುಳುವರ ಪಗ್ಗು ತಿಂಗಳ ಹದಿನೆಂಟು. ಹದಿನಾಲ್ಕು ವರ್ಷದ ಹಿಂದೆ ಅವನ ಕಣ್ಣು ಹೋದದ್ದು ಅದೇ ಪಗ್ಗು ಹದಿನೆಂಟಕ್ಕೆ. ಆ ದಿನವನ್ನೇ ಆರಿಸಿ ಬಸ್ಸಿನ ಎದುರು ನಿಂತನೆಂದರೆ ಅದಕ್ಕೆ ಅರ್ಥ ಒಂದೇ. ಪಾಪ ಕಡಿಯುತ್ತಿತ್ತು. ಉತ್ತರ ಸಿಕ್ಕಿತು ಎಂದುಕೊಂಡ ಗುರುವಪ್ಪ. ಸಿಕ್ಕಿದ್ದಕ್ಕೆ ಸಂತೋಷ ಆಗಬೇಕಿತ್ತು, ಆಗಲಿಲ್ಲ.

*

ಆಗ ಗುರುವಪ್ಪನಿಗೆ ಎರಡೂ ಕಣ್ಣಿದ್ದವು, ಮತ್ತು ಜೊಕಿಮನ ಸೋಡಾ ಕೊಟ್ಟಿಗೆಯಲ್ಲಿ ಎಂಟು ವರ್ಷದ ಕೆಲಸ ಇತ್ತು.

ಜೊಕಿಮ್ ನಾಲ್ಕು ಬಗೆ ಮಾಡುತ್ತಿದ್ದ. ಸಾದಾ ಸೋಡಾ ಹೊಟ್ಟೆ ಉಬ್ಬರದವರಿಗೆ ಮತ್ತು ಬ್ರಾಂದಿಯವರಿಗೆ. ಲೆಮನ್ ಕೋರ್ಟಿಗೆ ಅಲೆದು ಗಂಟಲು ಒಣಗಿದವರಿಗೆ. ಜಿಂಜರ್ ಮದುವೆಯೂಟ ಉಂಡು ಬಂದವರಿಗೆ. ಕ್ರೀಮ್ ಸೋಡಾ ಮಾತ್ರ ಹೀಗೆ ಸುಮ್ಮನೆ ಬಾಯಾರಿಕೆಗೆ ಕುಡಿಯುವ ವಸ್ತುವಲ್ಲ. ಅದು ಹೆಣ್ಣು ನೋಡಲು ಬಂದವರಿಗೆ, ಬೊಂಬಾಯಿಯಿಂದ ರಜೆಗೆ ಬಂದ ಅಳಿಯನಿಗೆ, ಜ್ವರ ಬಿಟ್ಟು ಎದ್ದ ಮಕ್ಕಳಿಗೆ. ಗೋಲಿ ಒತ್ತಿದರೆ ಉಳಿದ ಸೋಡಾಗಳು ಬುಸ್ಸೆಂದು ಸುಮ್ಮನಾಗುತ್ತಿದ್ದವು. ಜೊಕಿಮನ ಕ್ರೀಮ್ ಸೋಡಾದ ನೊರೆ ಗ್ಲಾಸಿನ ಕಂಠದವರೆಗೆ ಏರಿ ಅಲ್ಲೇ ನಿಲ್ಲುತ್ತಿತ್ತು, ಮನೆಯೆಲ್ಲ ಪರಿಮಳ ಬರುತ್ತಿತ್ತು.

ಹೆಸರು ಕೇಳಿಯೇ ಹೆದರುವವರೂ ಇದ್ದರು. ಕ್ರೀಮ್ ಅಂದರೆ ಕೆನೆ, ಯಾವ ದನದ ಕೆನೆ, ಯಾರು ಕರೆದದ್ದು? ನೊರೆ ಇಷ್ಟು ನಿಲ್ಲಬೇಕಾದರೆ ಮೊಟ್ಟೆ ಬೀಳದೆ ಸಾಧ್ಯವೇ? ಹೀಗೆ ಕೇಳುತ್ತ, ಮೂಸುತ್ತ, ಕೊನೆಗೆ ಬೇರೆಯವರು ಕಾಣದ ಹಾಗೆ ಕುಡಿದು ಹೋಗುವವರು ಪೇಟೆಯಲ್ಲಿ ಬೇಕಾದಷ್ಟಿದ್ದರು.

"ಎಸೆನ್ಸು, ಸಕ್ಕರೆ ಪಾಕ, ನೀರು, ಗ್ಯಾಸು. ಕೆನೆ ಹೆಸರಿನಲ್ಲಿ ಮಾತ್ರ ಉಂಟು" ಎಂದು ಜೊಕಿಮ್ ಗಟ್ಟಿಯಾಗಿ ಹೇಳುತ್ತಿದ್ದ. ಅವನ ಮಾತೇ ಗಟ್ಟಿ.

ಅಂಗಡಿಗಳಿಂದ ತಿರುಗಿ ಬಂದ ಖಾಲಿ ಬಾಟ್ಲಿಗಳನ್ನು ತೊಳೆದ ಮೇಲೆ ಒಂದೊಂದನ್ನೂ ಬೀಗದ ಕೈಯಿಂದ ಬಡಿದು ನೋಡಬೇಕು. ಒಳ್ಳೆಯ ಬಾಟ್ಲಿ ಟಿಣ್ಣೆಂದು ಎಳೆದು ಹಾಡುತ್ತದೆ. ಕೂದಲೆಳೆಯಷ್ಟು ಒಡಕಿದ್ದರೂ ಟಕ್ ಎಂದು ನಿಂತು ಬಿಡುತ್ತದೆ. ಅಂಥದ್ದು ಗ್ಯಾಸು ತುಂಬುವ ಮಿಶಿನಿಗೆ ಹೋದರೆ ಅದರ ಬಲಕ್ಕೆ ಬಾಂಬಿನ ಹಾಗೆ ಸಿಡಿಯುತ್ತದೆ. ಈ ಬಡಿಯುವ ಕೆಲಸವನ್ನು ಜೊಕಿಮ್ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಿಶಿನು ತಿರುಗಿಸುವುದು ಗುರುವಪ್ಪನ ಕೆಲಸ.

ಹೇಳಬಾರದಾಗಿತ್ತೋ ಏನೋ, ಆದರೆ ಪಗ್ಗು ಹದಿನೇಳರ ಸಂಜೆ ಗುರುವಪ್ಪ, ಕ್ರೈಸ್ತರನ್ನು ಊರವರು ಕರೆಯುವ ಹಾಗೆ ಧಣಿಯನ್ನು ಪೊರ್ಬುಳೇ ಎಂದು ಕರೆದು ಹೇಳಿಯೇಬಿಟ್ಟ.

"ಪೊರ್ಬುಳೇ, ಬರುವ ತಿಂಗಳಿಂದ ನಾನು ಬಂದರಿನಲ್ಲಿ ಸ್ವಂತ ಸೋಡಾ ಹಾಕ್ತೇನೆ. ಕ್ರೀಮ್ ಸೋಡಾ ಸಹ ಮಾಡ್ತೇನೆ."

ಜೊಕಿಮ್ ಅವನ ತುಟಿಗಳನ್ನೇ ದುರುಗುಟ್ಟಿ ನೋಡಿದ. "ಎಂತ ಹೇಳಿದೆ? ಇನ್ನೊಮ್ಮೆ ಹೇಳು" ಎಂದ.

ಗುರುವಪ್ಪ ಇನ್ನೊಮ್ಮೆ ಹೇಳಿದ. ಜೊಕಿಮ್ "ಒಳ್ಳೆಯದು" ಎಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ಒಂದು ಮದುವೆಯ ಕ್ರೀಮ್ ಸೋಡಾ. ನೊರೆ ನಿಲ್ಲಬೇಕೆಂದು ಅದಕ್ಕೆ ಗ್ಯಾಸು ಹೆಚ್ಚು ಕೊಡುತ್ತಿದ್ದರು. ಗುರುವಪ್ಪ ಮೊಳೆಗೆ ನೇತುಹಾಕಿದ್ದ ತಂತಿಬಲೆಯ ಮುಖವಾಡಕ್ಕೆ ಕೈ ಹಾಕಿದ. ಆಗ ಜೊಕಿಮ್, "ಈ ಸೆಕೆಗೆ ಬಲೆ ಯಾಕೆ? ಇಷ್ಟನ್ನೂ ನಾನೇ ಬಡಿದು ನೋಡಿದ್ದೇನೆ" ಎಂದ.

ಎಂಟು ವರ್ಷದಲ್ಲಿ ಜೊಕಿಮ್ ಬಡಿದ ಬಾಟ್ಲಿ ಒಡೆದದ್ದಿರಲಿಲ್ಲ. ಗುರುವಪ್ಪ ಬಲೆಯನ್ನು ಮೊಳೆಗೇ ಬಿಟ್ಟ. ಏಳನೆಯ ಬಾಟ್ಲಿ ಮಿಶಿನಿನಲ್ಲಿ ತಲೆಕೆಳಗಾಗುತ್ತಿದ್ದಂತೆ ಸಿಡಿಯಿತು. ಅವನಿಗೆ ನೆನಪಿರುವುದು ಮುಖದ ತುಂಬ ಹರಿದ ಸಿಹಿ ನೀರು, ಅದರ ಪರಿಮಳ, ತುಟಿಗೆ ಬಂದ ಉಪ್ಪು.

ಜೊಕಿಮ್ ಆಸ್ಪತ್ರೆಯಲ್ಲಿ ಎಂಟು ದಿನ ಮಂಚದ ಪಕ್ಕ ಕೂತ. ಗುರುವಪ್ಪ ಎಂಟು ದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹಿಂದಿನ ಸಂಜೆ ನಾನು ಬಿಡುತ್ತೇನೆ ಎಂದದ್ದು, ಮರುದಿನ ಬೆಳಿಗ್ಗೆ ಅವನು ಬಲೆ ಬೇಡವೆಂದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಒಂದು ಕಣ್ಣು ಧಾರಾಳ ಸಾಕು.

*

ಹನ್ನೆರಡಕ್ಕೆ ಅಲ್ಫೋನ್ಸ್ ಕೊಡೆ ಮಡಚುತ್ತ ಮೆಟ್ಟಿಲು ಹತ್ತಿದ. ಅವನ ಮುಖ ನೋಡಿಯೇ ಒಳಗಿನ ಪ್ರಾರ್ಥನೆ ನಿಂತಿತು. ಜೊಕಿಮನ ಹೆಂಡತಿ ವೆರೋನಿಕಾ ಮಗಳು ನೆಲ್ಲಿಯ ಭುಜ ಹಿಡಿದು ಜಗಲಿಗೆ ಬಂದಳು.

"ವೆರೋನಿಕಾ, ವಿಗಾರ್ ಪಾದ್ರಿ ಒಂದೇ ಮಾತು ಕೇಳಿದ್ದಾರೆ" ಎಂದ ಅಲ್ಫೋನ್ಸ್. "ಹಾರ್ನ್ ಕೇಳಿಯೂ ಯಾಕೆ ಸರಿಯಲಿಲ್ಲ? ಅದಕ್ಕೆ ಸರಿಯಾದ ಉತ್ತರ ತಕೊಂಡು ಬಾ, ಆಗಲೇ ಗಂಟೆ ಹೊಡೆಸ್ತೇನೆ ಅಂತ."

"ಕೇಳಿದರೆ ಅಲ್ವಾ ಗುರ್ಕಾರರೇ ಸರಿಯುವುದು? ಅವರಿಗೆ ಕಿವಿ ಕೇಳ್ತಿರಲಿಲ್ಲ."

ಅಂಗಳದಲ್ಲಿ ಗುಸುಗುಸು ಎದ್ದಿತು. ಅಲ್ಫೋನ್ಸ್ ಕೊಡೆಯನ್ನು ಗೋಡೆಗೆ ಒರಗಿಸಿದ. ಕೆಟ್ಟ ಮನುಷ್ಯನಲ್ಲ, ಆದರೆ ಸುಳ್ಳು ಹೇಳಿ ಪವಿತ್ರ ಮಣ್ಣು ದೊರಕಿಸಿಕೊಟ್ಟ ಪಾಪ ತನ್ನ ಕೊರಳಿಗೆ ಬರುವುದು ಅವನಿಗೆ ಬೇಕಿರಲಿಲ್ಲ.

"ಸತ್ತವನ ಎದುರು ಸುಳ್ಳು ಬೇಡ ವೆರೋನಿಕಾ. ಬಾಟ್ಲಿ ಬಡಿದು, ಸ್ವರ ಕೇಳಿ ಒಡಕು ಹೇಳುವವ ಅವನು. ನಿನ್ನೆ ಬೆಳಿಗ್ಗೆಯೂ ಬಡೀತಿದ್ದದ್ದು ನನ್ನ ಮನೆಗೆ ಕೇಳಿದೆ. ಕಿವುಡನಿಗೆ ಆ ಕೆಲಸ ಹೇಗಾಗ್ತದೆ? ಊರಲ್ಲಿ ಯಾರಿಗೂ ಗೊತ್ತಿಲ್ಲದ ಕಿವುಡು ಎಂಥದ್ದು?"

"ನಾವು ಗೊತ್ತಾಗಲಿಕ್ಕೆ ಬಿಡಲಿಲ್ಲ" ಎಂದಳು ನೆಲ್ಲಿ. "ಪಪ್ಪಾ ಎಲ್ಲಿ ಹೋದರೂ ನಾನು ಜೊತೆಗೆ ಹೋಗ್ತಿದ್ದೆ. ಯಾರಾದರೂ ಕರೆದರೆ ಅಂಗಿ ಎಳೀತಿದ್ದೆ. ಮುಖ ಕಂಡರೆ ತುಟಿ ನೋಡಿ ಮಾತಾಡ್ತಿದ್ದರು. ನಿನ್ನೆ ಮಾತ್ರ ನನಗೆ ಜ್ವರ ಇತ್ತು."

"ಕರೆದರೂ ತಿರುಗದ್ದು ಗರ್ವ ಅಂತ ನಾನು ಎಣಿಸಿದ್ದೆ" ಎಂದು ಅಹ್ಮದ್ ಬಾವ ತನ್ನಷ್ಟಕ್ಕೆ ಹೇಳಿಕೊಂಡ.

ಅಲ್ಫೋನ್ಸ್ ತಲೆ ಅಲ್ಲಾಡಿಸಿದ. "ಹೆಂಡತಿ ಮಗಳು ಹೇಳಿದ್ದು ಸಾಕಾಗುವುದಿಲ್ಲ. ಬಾಟ್ಲಿಯ ವಿಷಯ ಪಾದ್ರಿಗೂ ಗೊತ್ತುಂಟು. ಅದು ಹೇಗೆ, ಹೇಳು."

ವೆರೋನಿಕಾಳ ಕಣ್ಣು ಅಂಗಳವನ್ನು ಹುಡುಕಿ ಮಾವಿನ ಮರದಡಿ ನಿಂತಿತು.

"ಅದು ಹೇಗೆ ಅಂತ ಗುರುವಪ್ಪನ ಹತ್ತಿರ ಕೇಳಿ. ನನ್ನ ಗಂಡ ಬಾಟ್ಲಿ ಕಚ್ಚುತ್ತಾನೆ ಅಂತ ಊರಿಗೆಲ್ಲ ಹೇಳಿದವನು ಅವನೇ ಅಲ್ವಾ?"

*

ಹೌದು, ಅವನೇ.

ಕಣ್ಣು ಹೋದ ವರ್ಷವೇ, ಬಂದರಿನಲ್ಲಿ ಅಂಗಡಿ ಹಾಕುವ ಮೊದಲು, ಗುರುವಪ್ಪ ಒಂದು ಮಧ್ಯಾಹ್ನ ಜೊಕಿಮನ ಕೊಟ್ಟಿಗೆಯ ಹಿಂದಿನ ತಟ್ಟಿಯ ಸಂದಿನಿಂದ ಒಳಗೆ ಇಣುಕಿದ್ದ. ತನ್ನ ಜಾಗದಲ್ಲಿ ಯಾರಿದ್ದಾರೆ, ಅವರಿಗಾದರೂ ಬಲೆ ಕೊಟ್ಟಿದ್ದಾನೋ ನೋಡಬೇಕಿತ್ತು. ಯಾರೂ ಇರಲಿಲ್ಲ. ಜೊಕಿಮ್ ಒಬ್ಬನೇ ಮಣೆಯ ಮೇಲೆ ಕೂತು, ತೊಳೆದಿಟ್ಟ ಬಾಟ್ಲಿ ಎತ್ತಿ, ಜನ ತುಟಿಯಿಡುವ ಅದರ ಬಾಯಿಯನ್ನು ತನ್ನ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಬೀಗದ ಕೈಯಿಂದ ಬಡಿಯುತ್ತಿದ್ದ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಒಂದನ್ನೂ ಬಿಡದೆ ಎಲ್ಲಕ್ಕೂ ಬಾಯಿ ಹಾಕಿದ.

ಹುಚ್ಚೋ, ಮಾಟವೋ, ಕೊಳಕು ಚಾಳಿಯೋ ಗುರುವಪ್ಪನಿಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಆ ಸಂಜೆಯೇ ನೋಣಯ್ಯನ ಬೀಡಾ ಅಂಗಡಿಯ ಎದುರು ಹೇಳಿದ. "ಮಾರಾಯ, ಆ ಪೊರ್ಬು ಪ್ರತಿಯೊಂದು ಬಾಟ್ಲಿಯನ್ನೂ ಎಂಜಲು ಮಾಡ್ತಾನೆ. ನನ್ನ ಈ ಕಣ್ಣಲ್ಲಿ ನೋಡಿದ್ದು."

ಇದ್ದ ಒಂದೇ ಕಣ್ಣಿನ ಮೇಲೆ ಆಣೆ ಹಾಕಿದವನನ್ನು ನಂಬದವರು ಯಾರು? ವಾರದೊಳಗೆ ಮಾತು ರಥಬೀದಿ ಮುಟ್ಟಿತು. ಕ್ರೀಮ್ ಸೋಡಾದಲ್ಲಿ ಮೊಟ್ಟೆ ಹುಡುಕಿ ಸೋತವರಿಗೆ ಕೊನೆಗೂ ಹಿಡಿಯಲಿಕ್ಕೆ ಒಂದು ಸಿಕ್ಕಿತು. ಹಿಂದೂಗಳ ಮದುವೆಗೆ ಜೊಕಿಮನ ಕ್ರೀಮ್ ಸೋಡಾ ಹೋಗುವುದು ನಿಂತಿತು. ಆಮೇಲೆ ಅಂಗಡಿಗಳೂ ಒಂದೊಂದಾಗಿ ಬಿಟ್ಟವು. ಬಾಟ್ಲಿ ಕಚ್ಚುವ ಜೊಕಿಮ್ ಎಂದು ಮಕ್ಕಳು ಹಿಂದಿನಿಂದ ಕೂಗುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ. ಎಷ್ಟು ದಪ್ಪ ಚರ್ಮ ಎಂದು ಗುರುವಪ್ಪ ಎಣಿಸುತ್ತಿದ್ದ.

ದಪ್ಪ ಚರ್ಮ ಅಲ್ಲದಿದ್ದರೆ ಪ್ರತಿ ವರ್ಷ ಪಗ್ಗು ಹದಿನೆಂಟಕ್ಕೆ ಮಗಳ ಜೊತೆ ಬಂದರಿಗೆ ಬರುತ್ತಿದ್ದನೇ? ಬಂದು, ಅಂಗಡಿಯ ಹಲಗೆಯ ಮೇಲೆ ಒಂದು ಕ್ರೀಮ್ ಸೋಡಾ ಇಟ್ಟು, ಗುರುವಪ್ಪನ ತುಟಿಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಗುರುವಪ್ಪ ಎದ್ದು ಒಳಗೆ ಹೋಗಿಬಿಡುತ್ತಿದ್ದ. ಜೊಕಿಮ್ ಹೋದ ಮೇಲೆ ಗೋಣಿಚೀಲದಲ್ಲಿ ಆ ಬಾಟ್ಲಿಯನ್ನು ಹಾವು ಹಿಡಿದ ಹಾಗೆ ಹಿಡಿದು ಬೆಂಗ್ರೆಯ ದೋಣಿ ಕಟ್ಟುವಲ್ಲಿ ನೀರಿಗೆ ಎಸೆಯುತ್ತಿದ್ದ. ಇನ್ನೊಂದು ಕಣ್ಣಿಗೂ ಗುರಿ ಇಟ್ಟಿದ್ದಾನೆ ಎಂದು ಹೆಂಡತಿ ಬಾಗಿಗೆ ಹೇಳುತ್ತಿದ್ದ. "ನಿಮಗೆ ಸಂಶಯವೇ ಊಟ" ಎಂದು ಬಾಗಿ ಬೈಯುತ್ತಿದ್ದಳು. ಅವನು ಕಿವಿಗೆ ಹಾಕಿಕೊಂಡದ್ದಿಲ್ಲ.

ಈ ವರ್ಷ ಮಾತ್ರ ಜೊಕಿಮ್ ಬರಲಿಲ್ಲ. ನಿನ್ನೆ ಸಂಜೆಯವರೆಗೆ ಗುರುವಪ್ಪ ರಸ್ತೆಯ ಕಡೆ ನೋಡುತ್ತಲೇ ಇದ್ದ. ಏನೋ ಹೊಸ ಹುನ್ನಾರ ಇರಬೇಕು ಎಂದುಕೊಂಡಿದ್ದ.

*

ಎಲ್ಲರೂ ಅವನ ಕಡೆ ತಿರುಗಿದ್ದರು. ಗುರುವಪ್ಪ ಜಗಲಿಯ ಮೆಟ್ಟಿಲ ಹತ್ತಿರ ಬಂದ.

"ಕಚ್ಚುತ್ತಿದ್ದದ್ದು ಹೌದು. ನಾನು ನೋಡಿದ್ದೇನೆ" ಎಂದ. "ಅದಕ್ಕೂ ಕಿವಿಗೂ ಎಂತ ಸಂಬಂಧ ಬಾಯಮ್ಮ?"

"ಹಲ್ಲಲ್ಲಿ ಕಚ್ಚಿ ಬಡಿದರೆ ಸ್ವರ ತಲೆಯ ಒಳಗಿನಿಂದ ಬರ್ತದಂತೆ. ಕಿವಿ ಬೇಡವಂತೆ. ಆಸ್ಪತ್ರೆಯಲ್ಲಿ ನಿನ್ನ ಹತ್ತಿರ ಕೂತು ಬಂದ ಮೇಲೆ ಹದಿನೈದು ದಿನ ಊಟ ಮಾಡದೆ ಕೂತಿದ್ದರು. ಬಾಟ್ಲಿಯನ್ನು ಹಣೆಗೆ ಒತ್ತಿ ನೋಡಿದರು, ಗಲ್ಲಕ್ಕೆ ಒತ್ತಿ ನೋಡಿದರು. ಕೊನೆಗೆ ಹಲ್ಲಿಗೆ ಸಿಕ್ಕಿತು. ಆ ಮೇಲೆ ಒಂದು ಬಾಟ್ಲಿಯನ್ನೂ ಕಚ್ಚದೆ ಮಿಶಿನಿಗೆ ಬಿಟ್ಟದ್ದಿಲ್ಲ. ಮಿಶಿನಿಗೆ ಬೇರೆಯವರನ್ನು ಸೇರಿಸಿದ್ದೂ ಇಲ್ಲ."

"ಕಿವಿ ಹೋದದ್ದು ಯಾವಾಗ?" ಎಂದ ಗುರುವಪ್ಪ. ಹದಿನಾಲ್ಕು ವರ್ಷ ಕೇಳದೆ ಉಳಿದದ್ದು ಇದೊಂದೇ. "ನನ್ನ ಕಣ್ಣು ಹೋಗುವ ಮೊದಲಾ, ಆಮೇಲಾ?"

"ಮೊದಲೇ."

"ಗೊತ್ತಿತ್ತಾ ಅವರಿಗೆ?"

ವೆರೋನಿಕಾ ಸುಳ್ಳು ಹೇಳಬಹುದಿತ್ತು. "ಕಡಿಮೆ ಆಗ್ತಾ ಉಂಟು ಅಂತ ಗೊತ್ತಿತ್ತು" ಎಂದಳು. "ಅಷ್ಟು ಹೋಗಿದೆ ಅಂತ ಗೊತ್ತಿರಲಿಲ್ಲ. ಆ ಒಡಕು ಬಾಟ್ಲಿಯೂ ಅವರಿಗೆ ಒಳ್ಳೆಯದರ ಹಾಗೆಯೇ ಕೇಳಿದ್ದು. ನೀನು ಬಿಟ್ಟು ಹೋಗ್ತೇನೆ ಅಂದದ್ದನ್ನೂ ಎರಡು ಸಲ ಹೇಳಿಸಿದ್ದರು, ನೆನಪುಂಟಾ? ಕಿವಿ ಇಲ್ಲದವನ ಸೋಡಾ ಯಾರು ಕುಡೀತಾರೆ ಅಂತ ಮುಚ್ಚಿಟ್ಟರು. ಅದು ಅವರ ತಪ್ಪೇ. ನಿನಗೆ ಹೇಳಲಿಕ್ಕೆ ಅಂತ ವರ್ಷ ವರ್ಷ ಹೋಗ್ತಿದ್ದರು, ಹೇಳದೆ ಬರ್ತಿದ್ದರು. ನಿನ್ನೆ ಸಹ ನಿನಗೆ ಅಂತಲೇ ಒಂದು ಬಾಟ್ಲಿ ತಕೊಂಡು ಹೊರಟದ್ದು."

ರಸ್ತೆಯಲ್ಲಿ ಒಡೆದು ಬಿದ್ದ ಬಾಟ್ಲಿ ಯಾವುದೆಂದು ಆಗ ಅಂಗಳದವರಿಗೆಲ್ಲ ಗೊತ್ತಾಯಿತು.

ಗುರುವಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಬಲೆ ಕಟ್ಟಿಕೊಳ್ಳುತ್ತಿದ್ದೆನಲ್ಲ! ಅದರ ಬೆನ್ನಿಗೇ ಹಳೆಯ ಸಂಶಯವೂ ಎದ್ದಿತು. ಆರಡಿ ಮಣ್ಣಿಗಾಗಿ ಹೆಂಡತಿಯಾದವಳು ಏನನ್ನು ಬೇಕಾದರೂ ಕಟ್ಟಿ ಹೇಳಿಯಾಳು. ಹಲ್ಲಿಗೆ ಕೇಳುವುದೆಂದರೇನು? ಇಪ್ಪತ್ತೆರಡು ವರ್ಷ ಬಾಟ್ಲಿ ಹಿಡಿದವನಿಗೆ ಕತೆ ಹೇಳುತ್ತಾಳೆಯೇ? ಸುಮ್ಮನೆ ಹಿಂದೆ ತಿರುಗಿ ನಡೆದರೆ ಸಾಕಿತ್ತು, ಜೊಕಿಮ್ ಪಾಗಾರದ ಹೊರಗೆ ಹೋಗುತ್ತಿದ್ದ. ಆದರೆ ಹಾಗೆ ಹೋದರೆ ಪ್ರಶ್ನೆ ಗುರುವಪ್ಪನ ಜೊತೆ ಬಂದರಿಗೆ ವಾಪಸು ಬರುತ್ತಿತ್ತು, ಸಾಯುವವರೆಗೂ ಇರುತ್ತಿತ್ತು.

"ಬಾಟ್ಲಿ ತನ್ನಿ" ಎಂದ. "ಒಳ್ಳೆಯದೂ ಒಡಕೂ ಎರಡೂ ತನ್ನಿ. ನಾನು ಕಚ್ಚಿ ನೋಡ್ತೇನೆ. ಸುಳ್ಳಾದರೆ ಸುಳ್ಳು ಅಂತ ಇಲ್ಲಿಯೇ ಹೇಳ್ತೇನೆ."

"ಗುರುವಪ್ಪಣ್ಣ!" ನೋಣಯ್ಯ ಕೈ ಹಿಡಿದ. "ಅದು ಸತ್ತವನ ಎಂಜಲು. ಬಾಯಿ ಹಾಕ್ತೀರಾ?"

"ಕೈ ಬಿಡು" ಎಂದ ಗುರುವಪ್ಪ.

ಅಂಗಳದ ಬದಿಯ ಸೋಡಾ ಕೊಟ್ಟಿಗೆಯ ಮೂಲೆಯಲ್ಲಿ ಜೊಕಿಮ್ ಒಡಕೆಂದು ಸುಣ್ಣದ ಗೆರೆ ಎಳೆದು ಬೇರೆ ಇಟ್ಟ ಬಾಟ್ಲಿಗಳಿದ್ದವು. ಅಲ್ಫೋನ್ಸ್ ತಾನೇ ಹೋಗಿ ಅವುಗಳಲ್ಲಿ ಆರನ್ನು ಆರಿಸಿದ, ಗೆರೆ ಒರೆಸಿದ, ಅಡಿಯಲ್ಲಿ ತನಗೆ ಮಾತ್ರ ಕಾಣುವ ಹಾಗೆ ಮಸಿಯ ಚುಕ್ಕೆ ಇಟ್ಟು ಹದಿನೆಂಟು ಒಳ್ಳೆಯ ಬಾಟ್ಲಿಗಳ ಜೊತೆ ಬುಟ್ಟಿಯಲ್ಲಿ ಬೆರೆಸಿದ. ನೆಲ್ಲಿ ಅಪ್ಪನ ಬೀಗದ ಕೈ ತಂದಳು. ಗುರುವಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಜೊಕಿಮನ ಮಣೆಯ ಮೇಲೆ ಕೂತ. ಅಹ್ಮದ್ ಬಾವ ಅವನ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲಿನಿಂದ ಮೇಣ ಮೆತ್ತಿ, ಹೆಗಲ ಮೇಲಿನ ಬೈರಾಸನ್ನು ತಲೆಗೆ ಬಿಗಿದು ಕಟ್ಟಿದ. ಅಲ್ಫೋನ್ಸ್ ಹಿಂದಿನಿಂದ ಹೆಸರು ಹಿಡಿದು ಕೂಗಿ ನೋಡಿದ. ಚಪ್ಪಾಳೆ ತಟ್ಟಿ ನೋಡಿದ. ಗುರುವಪ್ಪ ಅಲುಗಲಿಲ್ಲ.

ಜಗತ್ತು ದೂರ ಹೋಗಿತ್ತು. ಅವನು ಬಲಗಡೆಯ ಬುಟ್ಟಿಯಿಂದ ಒಂದು ಬಾಟ್ಲಿ ಎತ್ತಿದ. ಗೋಲಿ ಅಲ್ಲಾಡದ ಹಾಗೆ ಓರೆ ಮಾಡಿ, ಬಾಯಿಯ ಅಂಚನ್ನು ಎದುರು ಹಲ್ಲುಗಳ ನಡುವೆ ಇಟ್ಟ. ತಣ್ಣಗಿತ್ತು. ಬೀಗದ ಕೈಯಿಂದ ಬಡಿದ.

ಟಿಣ್ಣೆಂದು ಬಂತು. ಹೊರಗಿನಿಂದಲ್ಲ, ದವಡೆಯಿಂದ ಎದ್ದು, ಕೆನ್ನೆಯ ಎಲುಬು ಹಿಡಿದು, ಹೋದ ಕಣ್ಣಿನ ಗುಳಿಯವರೆಗೆ ಏರಿ, ಅಲ್ಲಿ ಎಳೆಯೆಳೆಯಾಗಿ ತುಂಬ ಹೊತ್ತು ಹಾಡಿತು. ಗುರುವಪ್ಪ ಬಾಟ್ಲಿಯನ್ನು ಹಲ್ಲಿನಿಂದ ತೆಗೆಯದೆ ಕೂತ. ನಿಜ ಎಂದಿತು ಅವನ ತಲೆ. ಹೆಂಗಸು ಹೇಳಿದ್ದು ನಿಜ.

ಆದರೂ ಸಂಶಯ ಒಂದು ಬಾಟ್ಲಿಗೆ ಸಾಯುವ ಜಾತಿಯದಲ್ಲ. ಅವನು ಎರಡನೆಯದನ್ನು ಎತ್ತಿದ. ಹಾಡಿತು. ಮೂರನೆಯದೂ ಹಾಡಿತು. ನಾಲ್ಕನೆಯದು ಹಲ್ಲಿನಲ್ಲೇ ಟಕ್ ಎಂದು ಸತ್ತಿತು. ಅದನ್ನು ಬೇರೆಯಾಗಿ ಎಡಗಡೆ ಇಟ್ಟ. ಎಡಬದಿಗೆ ಹಿಂದೆ ನಿಂತಿದ್ದ ಅಲ್ಫೋನ್ಸ್ ಅದನ್ನು ಎತ್ತಿ ಅಡಿ ನೋಡಿ, ಮಸಿಯ ಚುಕ್ಕೆಯನ್ನು ಪಕ್ಕದವರಿಗೆ ತೋರಿಸಿದ.

ಎಂಟು, ಒಂಬತ್ತು, ಹತ್ತು. ಗುರುವಪ್ಪನ ಕೈ ಈಗ ಜೊಕಿಮನ ಕೈಯ ಹಾಗೆಯೇ ಓಡುತ್ತಿತ್ತು. ತಟ್ಟಿಯ ಸಂದಿನಿಂದ ನೋಡಿದ್ದು ಇದನ್ನೇ. ಗುರುವಪ್ಪನ ಕಣ್ಣಿನ ಹಾಗೆ ಇನ್ನೊಬ್ಬನ ಕಣ್ಣು ಹೋಗದಿರಲಿ ಎಂದು ಒಬ್ಬ ಮನುಷ್ಯ ಹಲ್ಲು ಸವೆಸುತ್ತಿದ್ದ. ಅದಕ್ಕೆ ಎಂಜಲು ಎಂದು ಹೆಸರಿಟ್ಟು ಬೀಡಾ ಅಂಗಡಿಯಲ್ಲಿ ಹಂಚಿದವನು ತಾನು. ಕಣ್ಣಿನಿಂದ ನೀರು ಇಳಿದು ಬಾಟ್ಲಿಯ ಗಾಜಿನ ಮೇಲೆ ಜಾರಿತು. ಇದ್ದದ್ದು ಒಂದೇ ಕಣ್ಣಾದ್ದರಿಂದ ಮುಖದ ಒಂದೇ ಬದಿ ಒದ್ದೆಯಾಯಿತು. ಅವನು ಒರೆಸಿಕೊಳ್ಳಲು ನಿಲ್ಲಲಿಲ್ಲ.

ಹದಿನಾರನೆಯ ಬಾಟ್ಲಿಯ ಹೊತ್ತಿಗೆ ಚುಕ್ಕೆಯ ಆರೂ ಎಡಗಡೆ ಬಂದು ಸೇರಿದ್ದವು. ಅಲ್ಫೋನ್ಸ್ ಗೋಡೆಗೆ ಒರಗಿಸಿದ್ದ ಕೊಡೆ ಎತ್ತಿಕೊಂಡ. ಬಿಸಿಲಿಗೆ ಅದನ್ನು ಬಿಚ್ಚುವುದನ್ನೂ ಮರೆತು ಇಗರ್ಜಿಯ ದಾರಿ ಹಿಡಿದು ಬೇಗ ಬೇಗ ನಡೆದ. ನೋಣಯ್ಯ ಜಗಲಿಯ ಮೇಲಿದ್ದ ನೀರಿನ ಚೊಂಬನ್ನು ಎತ್ತಿ ಒಂದು ಗುಟುಕು ಕುಡಿದ.

ಗಂಟೆ ಹೊಡೆಯಿತು. ಒಂದು ಪೆಟ್ಟು, ತುಂಬ ಬಿಡುವು, ಇನ್ನೊಂದು ಪೆಟ್ಟು. ಜಗಲಿಯಲ್ಲಿದ್ದ ಹೆಂಗಸರು ಎದ್ದು ನಿಂತರು, ಗಂಡಸರು ತಲೆಯ ಟೊಪ್ಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ವೆರೋನಿಕಾ ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಗಟ್ಟಿಯಾಗಿ ಬಿಟ್ಟಳು. ಗುರುವಪ್ಪನಿಗೆ ತಿಳಿಸಲು ನೆಲ್ಲಿ ಒಂದು ಹೆಜ್ಜೆ ಮುಂದಿಟ್ಟಾಗ ಅವಳ ಕೈ ಹಿಡಿದು ನಿಲ್ಲಿಸಿದಳು.

ಗುರುವಪ್ಪ ಏಳಲಿಲ್ಲ. ಅಂಗಳ ಅವನ ಕಣ್ಣಿಲ್ಲದ ಬದಿಗಿತ್ತು, ಕಿವಿಯಲ್ಲಿ ಮೇಣವಿತ್ತು. ಗಂಟೆ ಬಡಿಯುತ್ತಲೇ ಇರುವಾಗ ಅವನು ಬುಟ್ಟಿಯಿಂದ ಮತ್ತೊಂದು ಬಾಟ್ಲಿ ಎತ್ತಿ, ಅದರ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಬೀಗದ ಕೈಯಿಂದ ಬಡಿದ.